ಕುರಿ ಎಣಿಸುವ ಮಾತು

"ಗುರುಗಳೇ, ಒಂದು ಜನಾಂಗ ಅಳಿದುಹೋಯಿತು ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಅದು ಅಳಿದದ್ದು ಯಾವ ದಿನ?" ಎಂದು ಶಿಷ್ಯ ಕೇಳಿದ.

"ದಿನ ಗೊತ್ತಾದರೆ ತಿಥಿ ಮಾಡುತ್ತೀಯೇನು?" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ದೂರದ ಯುರೋಪಿನಲ್ಲಿ, ಅಡ್ರಿಯಾಟಿಕ್ ಕಡಲಿನ ಪಕ್ಕದ ಬೆಟ್ಟಗಳಲ್ಲಿ, ಕುರಿ ಸಾಕಿಕೊಂಡು ಬದುಕುವ ಜನರಿದ್ದರು. ರೋಮಿನ ಅರಸರು ಆಳುತ್ತಿದ್ದ ಕಾಲದ ಮಾತು ಅವರ ಬಾಯಲ್ಲಿ ಉಳಿದಿತ್ತು. ಎಷ್ಟೋ ಕಾಲದ ಮೇಲೆ ಸ್ಲಾವ್ ಜನ ಬಂದು ಕೆಳಗಿನ ಕಣಿವೆಯಲ್ಲಿ ಹೊಲ ಮಾಡಿದರು. ಕೆಳಗಿನವರು ಮೇಲಿನವರನ್ನು ವ್ಲಾಖರು ಎಂದು ಕರೆದರು. ಹೊರಗಿನವರು ಎಂದು ಅದರ ಅರ್ಥ. ಮೊದಲಿನಿಂದ ಇದ್ದವರಿಗೆ ಆಮೇಲೆ ಬಂದವರು ಇಟ್ಟ ಹೆಸರು ಅದು! ಕಡಲ ದಡದ ವೆನಿಸಿನ ವರ್ತಕರು ಮೊರ್ಲಾಕರು ಎಂದರು. ಹೀಗೆ ಹೆಸರಿಟ್ಟವರು ಬಹಳ ಮಂದಿ. ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ ಎಂದು ಕೇಳಿದವರು ಮಾತ್ರ ಕಡಿಮೆ.

ಯಾರೂ ಅವರನ್ನು ಕಡಿದು ಹಾಕಲಿಲ್ಲ, ಊರು ಬಿಡಿಸಲಿಲ್ಲ. ಅವರು ಕಣಿವೆಯವರಿಗೆ ಉಣ್ಣೆ ಕೊಟ್ಟು ಧಾನ್ಯ ತಂದರು. ಹೆಣ್ಣು ಕೊಟ್ಟು ಹೆಣ್ಣು ತಂದರು. ಬಂದ ಸೊಸೆಯರು ತೊಟ್ಟಿಲು ತೂಗುತ್ತ ತಮ್ಮ ತವರಿನ ಮಾತಿನಲ್ಲೇ ಜೋಗುಳ ಹಾಡಿದರು. ತಾಯಿಯ ಮಾತನ್ನು ಮಕ್ಕಳು ಕಲಿಯದೆ ಇರುತ್ತಾರೆಯೇ?

ಕಡೆಗೆ ಹಳೆಯ ಮಾತು ಒಬ್ಬ ಕುರಿಗಾಹಿ ಮುದುಕನಲ್ಲಿ ಉಳಿಯಿತು. ಅವನಲ್ಲೂ ಪೂರ್ತಿ ಉಳಿದಿರಲಿಲ್ಲ. ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸುವ ಐದು ಪದಗಳಷ್ಟೇ ಉಳಿದಿದ್ದವು. ದೊ, ಪಾತೊ, ಶಾಸ್ತೊ, ಶೋಪ್ಚಿ, ಜೇಚಿ. ಅಲ್ಲಿಗೆ ಹತ್ತು ಕುರಿ. ಮತ್ತೆ ಮೊದಲಿನಿಂದ. ಅವನ ಅಜ್ಜಿ ಅಡುಗೆ ಮಾಡುತ್ತಿದ್ದದ್ದು, ಅಳುತ್ತಿದ್ದದ್ದು, ಮೊಮ್ಮಕ್ಕಳನ್ನು ಬೈಯುತ್ತಿದ್ದದ್ದು ಎಲ್ಲವೂ ಆ ಮಾತಿನಲ್ಲೇ. ಒಂದು ಬೈಗುಳವಾದರೂ ನೆನಪಿದ್ದಿದ್ದರೆ ಎಂದು ಮುದುಕ ಒಬ್ಬನೇ ಕುಳಿತು ಹಲುಬುತ್ತಿದ್ದ. ಆ ಅಜ್ಜಿಯ ಬಾಯಿಂದ ಇನ್ನೊಮ್ಮೆ ಬೈಸಿಕೊಳ್ಳಬೇಕು ಎಂದು ಅವನಿಗೆ ಬಹಳ ಆಸೆಯಿತ್ತು.

ವಸಂತದಲ್ಲಿ ಮಂದೆ ಬೆಟ್ಟ ಹತ್ತುವ ದಿನ, ದೊಡ್ಡಿಯ ಬಾಗಿಲಲ್ಲಿ ನಿಂತು ಆ ಪದಗಳಲ್ಲೇ ಎಣಿಸಬೇಕು ಎಂಬುದು ಹಿರಿಯರು ಹಾಕಿಟ್ಟ ಕಟ್ಟಳೆ. ಬೇರೆ ಮಾತಿನಲ್ಲಿ ಎಣಿಸಿದರೆ ಮಂದೆ ಕರಗುತ್ತದೆ ಎಂದು ಅವರು ನಂಬಿದ್ದರು. ಮುದುಕನ ಮಗ ತೀರಿಹೋಗಿದ್ದ. ಮನೆಯಲ್ಲಿದ್ದವರು ಸೊಸೆ ಮತ್ತು ಅವಳ ಎಳೆಯ ಮಕ್ಕಳು. ಸೊಸೆ ಕಣಿವೆಯ ಹೆಣ್ಣು. ಹನ್ನೊಂದು ವರ್ಷ ಅವಳು ಅವನಿಗೆ ರೊಟ್ಟಿ ಸುಟ್ಟು ಹಾಕಿದ್ದಳು. ಆದರೂ ಎಣಿಸುವಾಗ ಮುದುಕ ಅವಳಿಗೆ ಬೆನ್ನು ಮಾಡಿ, ದನಿ ತಗ್ಗಿಸುತ್ತಿದ್ದ. ಮನೆಯ ಗುಟ್ಟು ಹೊರಗಿನವಳಿಗೆ ಯಾಕೆ ಎಂಬುದು ಅವನ ಹಟ. ಹಟಕ್ಕೆ ವಯಸ್ಸಾಗುವುದಿಲ್ಲ ನೋಡು.

ಒಂದು ವಸಂತದಲ್ಲಿ ಮುದುಕ ಹಾಸಿಗೆ ಹಿಡಿದ. ಮಂದೆ ಹೊರಡುವ ದಿನ ಬಂತು, ಎದ್ದು ನಿಲ್ಲಲು ಕಾಲಿಗೆ ಬಲವಿಲ್ಲ. ಸೊಸೆ ದೊಡ್ಡಿಯ ಬಾಗಿಲು ತೆಗೆದದ್ದು ಕೇಳಿಸಿತು. ಇನ್ನು ಅವಳು ತನ್ನ ಮಾತಿನಲ್ಲಿ ಎಣಿಸುತ್ತಾಳೆ, ಅಲ್ಲಿಗೆ ನಮ್ಮವರ ಕತೆ ಮುಗಿಯಿತು ಎಂದು ಮುದುಕ ಕಣ್ಣು ಮುಚ್ಚಿಕೊಂಡ. ಹಟ ಮಾಡಿ ತಾನೇ ಕೆಡಿಸಿದೆ ಎಂಬುದು ಆಗ ಅವನಿಗೆ ಹೊಳೆಯಿತು. ಹೊಳೆದು ಏನು ಫಲ?

ಹೊರಗಿನಿಂದ ದನಿ ಬಂತು. ದೊ, ಪಾತೊ, ಶಾಸ್ತೊ, ಶೋಪ್ಚಿ, ಜೇಚಿ. ಅಷ್ಟು ಹೇಳಿ ಅವಳು ಎರಡು ಸಲ ಕೆಮ್ಮಿದಳು. ಮತ್ತೆ ಎಣಿಸಿದಳು, ಮತ್ತೆ ಎರಡು ಸಲ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ. ಪ್ರತಿ ಹತ್ತಕ್ಕೂ ಹಾಗೆ ಕೆಮ್ಮುತ್ತಿದ್ದವನು ಮುದುಕ. ಅದೂ ಲೆಕ್ಕದಲ್ಲೇ ಸೇರಿದ್ದು ಎಂದು ಅವಳು ತಿಳಿದಿದ್ದಳು.

ಅವಳು ಒಳಗೆ ಬಂದಾಗ ಮುದುಕ ಕೇಳಿದ: "ಅದು ಯಾರ ಮಾತು ಅಂತ ಗೊತ್ತೇನಮ್ಮ ನಿನಗೆ?"

"ಕುರಿಗಳದ್ದಲ್ವಾ ಮಾವ? ನಮ್ಮ ಮಾತಲ್ಲಿ ಎಣಿಸಿದ್ರೆ ಅವು ಬಾಗಿಲು ದಾಟೋದೇ ಇಲ್ಲ" ಎಂದಳು.

ಮುದುಕ ನಕ್ಕ. ನಗುತ್ತ ನಗುತ್ತ ಅತ್ತ. ಮೊಟ್ಟಮೊದಲ ಬಾರಿಗೆ ಅವಳ ತಲೆಯ ಮೇಲೆ ಕೈಯಿಟ್ಟ. ಮಂದೆ ಬೆಟ್ಟದಿಂದ ಇಳಿದು ಬರುವ ಹೊತ್ತಿಗೆ ಅವನು ಇರಲಿಲ್ಲ. ಅವಳ ಮಕ್ಕಳು ಎಣಿಸಿದರು, ಅವರ ಮಕ್ಕಳೂ ಎಣಿಸಿದರು. ಎಲ್ಲರೂ ಹತ್ತಕ್ಕೊಮ್ಮೆ ಕೆಮ್ಮಿದರು. ತಮ್ಮನ್ನು ಅವರು ಸ್ಲಾವರೆಂದೇ ತಿಳಿದಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ಜನ ಮುದುಕನ ಜೊತೆಗೇ ಅಳಿಯಿತು ಎನ್ನಲೇ, ಸೊಸೆಯಲ್ಲಿ ಉಳಿಯಿತು ಎನ್ನಲೇ?" ಎಂದು ಕೇಳಿದ.

"ಬೆಳಿಗ್ಗೆ ಹಾಲು ಕರೆಯುವಾಗ ಎಮ್ಮೆಯ ಬೆನ್ನು ಸವರಿ ನೀನು ಅರ್ಥ ತಿಳಿಯದ ಏನೋ ಪದ ಹೇಳುತ್ತೀಯಲ್ಲ, ಅದು ಯಾರ ಮಾತು?" ಎಂದರು ಗುರುಗಳು.