ಗ್ಯಾಸ್ ಚೀಲಕ್ಕೆ ಹೊಟ್ಟೆ ಉಬ್ಬರ

ಕೂತ್ಕೊಳ್ರಪ್ಪಾ, ತಳ್ಳಾಡಬೇಡಿ. ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀನಿ, ಈಗಲೇ ಹೇಳಿದೀನಿ.

ಒಬ್ಬಳು ಮಾಯಮ್ಮ. ಅವಳಿಗೊಬ್ಬ ಮಗ, ಗವಿರಂಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು, ಅದೇ ಅವನ ಕಾಯಿಲೆ. ಜೊತೆಗೊಂದು ಎಮ್ಮೆ. ಮನೆ ಅಂದ್ರೆ ಇಷ್ಟೇ.

ಮಾಯಮ್ಮನ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಆಸ್ಪತ್ರೇಲಿ ಡಾಕ್ಟ್ರು ಆಪರೇಷನ್ ಮಾಡಿ, ಪಟ್ಟಿ ಕಟ್ಟಿ ಕಳಿಸಿದ್ರು. "ನೋಡಮ್ಮ, ಒಲೆ ಹೊಗೆ ತಾಗಬಾರದು. ಹೊಗೆ ತಾಗಿದ್ರೆ ನೀರು ಬರುತ್ತೆ, ನೀರು ಬಂದ್ರೆ ಕಣ್ಣು ಹೋಗುತ್ತೆ" ಅಂದ್ರು. ಇರೋದು ಒಂದೇ ಕಣ್ಣು. ಡೈರಿಯವರ ಕೈಕಾಲು ಹಿಡಿದು ಹಿತ್ತಿಲಲ್ಲಿ ಗ್ಯಾಸ್ ಚೀಲ ಹಾಕಿಸಿದ್ಲು. ದೊಡ್ಡ ರಬ್ಬರ್ ಚೀಲ. ಅದರ ಬಾಯಿಗೆ ಸಗಣಿ, ಮುಸುರೆ ಹಾಕೋದು. ಒಳಗೇ ಕೊಳೆತು ಗ್ಯಾಸಾಗೋದು. ಚೀಲ ಉಬ್ಬಿತು ಅಂದ್ರೆ ಹೊಗೆ ಇಲ್ಲದ ಒಲೆ ಉರಿಯೋದು, ಮಿಕ್ಕ ಬಗ್ಗಡ ಹೊರಗೆ ಬಂದು ಹೊಲಕ್ಕೆ ಗೊಬ್ಬರ. ಅಲ್ಲೀವರೆಗೂ ಪಕ್ಕದ ಮನೆ ಸಣ್ಣಕ್ಕ ಕೊಡೋ ಮುದ್ದೇನೇ ಗತಿ. ಎಷ್ಟು ದಿನ ಅಂತ ಕೊಟ್ಟಾಳು? ಮಾಯಮ್ಮಂಗೆ ಕೂತಲ್ಲಿ ಕೂರಕ್ಕಾಗಲ್ಲ, ನಿಂತಲ್ಲಿ ನಿಲ್ಲಕ್ಕಾಗಲ್ಲ. ಉಬ್ಬಿತೇನೋ? ಇಲ್ಲವ್ವಾ. ಈಗ ಉಬ್ಬಿತೇನೋ? ಇಲ್ಲವ್ವಾ!

"ಲೇ, ಹಂಗಾದ್ರೆ ಸಗಣಿ ತಗೊಂಡು ಹೋಗಿ ಚೀಲದ ಬಾಯಿಗೆ ಹಾಕೋ!"

"ಹಂಗೇ ಮಾಡ್ತೀನವ್ವಾ!"

ಹೋದ. ಗಟ್ಟಿ ಸಗಣಿ ಉಂಡೆ ಕಟ್ಟಿ ತುರುಕಿದ. ಇನ್ನೊಂದು ಉಂಡೆ ತುರುಕಿದ. ಚೀಲದ ಬಾಯಿ ಕಟ್ಟಿಕೊಂಡಿತು.

"ಅಯ್ಯೋ ನನ್ನ ಕರ್ಮವೇ! ಉಂಡೆ ತುರುಕ್ತಾರೇನೋ? ಕಿತ್ತು ತೆಗಿ ಅದನ್ನ! ನೀರು ಹುಯ್ದು, ಗಂಟಿಲ್ಲದಂಗೆ ಕಿವುಚಿ, ಆಮೇಲೆ ಚೀಲಕ್ಕೆ ಹುಯ್ಯಬೇಕು ಕಣೋ!"

"ಹಂಗೇ ಮಾಡ್ತೀನವ್ವಾ!"

ಮಧ್ಯಾಹ್ನ ಆಯ್ತು. "ಹೋಗು, ಸಣ್ಣಕ್ಕನ ಮನೆಯಿಂದ ಮುದ್ದೆ ತಗೊಂಡು ಬಾ." ಹೋದ, ಬಿಸಿ ಬಿಸಿ ಮುದ್ದೆ ತಂದ. ಉಂಡೆ! ನೀರು ಹುಯ್ದ, ಗಂಟಿಲ್ಲದಂಗೆ ಕಿವುಚಿದ, ಚೀಲಕ್ಕೆ ಹುಯ್ದ.

"ಮುದ್ದೆ ಎಲ್ಲೋ?"

"ಚೀಲ ಉಣ್ತಾ ಇದೆ ಕಣವ್ವಾ."

"ಥೂ ನಿನ್ನ! ಹೊಟ್ಟೆ ಸುಡ್ತಿದೆ ಇಲ್ಲಿ! ತಲೆ ಮೇಲೆ ಹೊತ್ಕೊಂಡು, ಒಗೆದ ಬಟ್ಟೆ ಮುಚ್ಕೊಂಡು ಬಂದು, ನನ್ನ ಮುಂದೆ ತಟ್ಟೇಲಿ ಬಡಿಸಬೇಕು!"

"ಹಂಗೇ ಮಾಡ್ತೀನವ್ವಾ!"

ಮಾರನೇ ದಿನ ಹೋಟ್ಲಿಗೆ ಕಳಿಸಿದ್ಲು. ಚೀಲಕ್ಕೆ ಹಾಕೋಕೆ ಮುಸುರೆ ತಾ ಅಂದ್ಲು. ತಂದ ನೋಡಿ! ತಲೆ ಮೇಲೆ ಮುಸುರೆ ಬಕೆಟ್ಟು, ಮೇಲೆ ಅವ್ವನ ಹಬ್ಬದ ಸೀರೆ. ಕಿವಿ ಮೇಲೆಲ್ಲಾ ಹಳಸಿದ ಸಾಂಬಾರು ತೊಟ್ಟಿಕ್ತಾ ಇದೆ. ಬಂದೋನೇ ತಟ್ಟೇಲಿ ಬಡಿಸಿ, "ಉಣ್ಣವ್ವಾ" ಅಂದ. ಪಾಪ, ಪಟ್ಟಿ ಕಟ್ಟಿದ ಕಣ್ಣು, ಅವಳಿಗೇನು ಕಾಣುತ್ತೆ? ಒಂದು ತುತ್ತು ಬಾಯಿಗೆ ಇಟ್ಟೇಬಿಟ್ಲು.

"ಥೂ! ಥೂ! ಇದು ನನಗಲ್ಲ ಕಣೋ ಮುಂಡೇದೇ, ಚೀಲದ ಮೇವು! ಮೇವು ಹಾಕೋದೇ ಉಬ್ಬಲಿ ಅಂತ! ಹೊಟ್ಟೆ ಉಬ್ಬೋವರೆಗೂ ಬಾಯಿಗೆ ಸುರೀತಾ ಇರಬೇಕು!"

"ಹಂಗೇ ಮಾಡ್ತೀನವ್ವಾ!"

ಸಂಜೆ "ಎಮ್ಮೆಗೆ ಒಂದಿಷ್ಟು ಹಿಂಡಿ ಇಡೋ" ಅಂದ್ಲು. ಇಟ್ಟ. ಹೊಟ್ಟೆ ಉಬ್ಬಲಿಲ್ಲ. ಬೂಸಾ ಸುರಿದ. ಉಬ್ಬಲಿಲ್ಲ. ಅಟ್ಟದ ಮೇಲಿದ್ದ ಜೋಳ ಸುರಿದ. ಉಬ್ಬಿತು! ಎಮ್ಮೆ ಹೊಟ್ಟೆ ನಗಾರಿ ಆಯ್ತು, ಕಣ್ಣು ಮೇಲಾಯ್ತು, ದೊಪ್ಪನೆ ಬಿತ್ತು. ಗವಿರಂಗ ಸಂತೋಷವಾಗಿ ನೋಡ್ತಾ ನಿಂತ. ಸಣ್ಣಕ್ಕ ಕೂಗಿಕೊಂಡು ದನದ ಡಾಕ್ಟ್ರನ್ನ ಕರೆತಂದ್ಲು. ಅವರು ಎಡಗಡೆ ಪಕ್ಕೆಗೆ ಚುಚ್ಚಿದ್ರು. ಬುಸ್ ಅಂತ ಗಾಳಿ ಹೋಯ್ತು. ಎಮ್ಮೆ ಉಳೀತು.

"ಉಬ್ಬಿದ್ದನ್ನ ನೋಡ್ತಾ ನಿಲ್ತೀಯೇನೋ? ಅದು ಸತ್ರೆ ಸಗಣಿ ಎಲ್ಲಿ, ಗ್ಯಾಸ್ ಎಲ್ಲಿ, ನನ್ನ ಕಣ್ಣೆಲ್ಲಿ? ಉಬ್ಬಿತು ಅಂದ ತಕ್ಷಣ ಎಡಗಡೆ ಚುಚ್ಚಿಸಿ ಗಾಳಿ ಬಿಡಿಸಬೇಕು!"

"ಹಂಗೇ ಮಾಡ್ತೀನವ್ವಾ!"

ಪಟ್ಟಿ ಬಿಚ್ಚೋ ದಿನ ಬಂತು. ಸಣ್ಣಕ್ಕ ಮಾಯಮ್ಮನ ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಇತ್ತ ಹಿತ್ತಿಲಲ್ಲಿ ಬಿಸಿಲು ಏರಿತು, ಚೀಲ ಏರಿತು. ಉಬ್ಬಿತು, ಉಬ್ಬಿತು, ಗಬ್ಬದ ಎಮ್ಮೆ ಹಂಗೆ ಉಬ್ಬಿತು! ಗವಿರಂಗ ನೋಡ್ದ. ಅಯ್ಯಯ್ಯೋ, ಸಾಯುತ್ತೆ! ಡಾಕ್ಟ್ರನ್ನ ಕರೆಯೋಕೆ ಪುರುಸೊತ್ತೆಲ್ಲಿ? ಗೋಣಿ ಹೊಲಿಯೋ ದಬ್ಬಳ ತಂದ, ಎಡಗಡೆ ಚುಚ್ಚಿದ. ಬುಸ್ಸ್!

ಮಾಯಮ್ಮ ಕರೀ ಕನ್ನಡಕ ಹಾಕ್ಕೊಂಡು ಬಂದ್ಲು. ಎಲ್ಲಾ ನಿಚ್ಚಳವಾಗಿ ಕಾಣ್ತಿತ್ತು. ಮಗನ ಹಲ್ಲು ಕಾಣ್ತು, ಕೈಲಿ ದಬ್ಬಳ ಕಾಣ್ತು, ಚಪ್ಪಟೆ ಮಲಗಿದ ಚೀಲ ಕಾಣ್ತು.

"ಬದುಕಿಸಿಬಿಟ್ಟೆ ಕಣವ್ವಾ!"

ಪೊರಕೆ ಎತ್ತಿದ್ಲು. ಬುದ್ಧಿ ಹೇಳೋಕೆ ಬಾಯಿ ತೆಗೆದ್ಲು, ಇನ್ನೇನು ಮಾಡ್ತಾನೋ ಅಂತ ಹೆದರಿ ಮುಚ್ಚಿದ್ಲು. ಆದ್ರೆ ಒಲೆ ಹತ್ತಬೇಕಲ್ಲ! "ಓಡೋ! ಪಂಚರ್ ಅಂಗಡಿಗೆ ಓಡು! ಎಡಗಡೆ ತೂತಿಗೆ ತೇಪೆ ಹಾಕಿಸು!"

"ಹಂಗೇ ಮಾಡ್ತೀನವ್ವಾ!"

ಎಡಗಡೆ ತೂತು ಚೀಲಕ್ಕೂ ಇದೆ, ಎಮ್ಮೆಗೂ ಇದೆ. ಚೀಲ ಎಳೆದ, ಏಳಲಿಲ್ಲ. ಎಮ್ಮೆ ಎಳೆದ, ನಡೀತು. ಹೊಡ್ಕೊಂಡು ಹೋದ. ಪಂಚರ್ ಅಂಗಡಿ ದಸ್ತಗೀರಣ್ಣ ಲಾರಿ ಚಕ್ರದೊಳಗೆ ತಲೆ ಹಾಕಿದ್ದ.

"ಅಣ್ಣಾ, ತೂತು ಬಿದ್ದಿದೆ!"

ಅವನು ತಲೆ ಎತ್ತಲಿಲ್ಲ. "ಮೊದ್ಲು ನೀರಲ್ಲಿ ಮುಳುಗಿಸು. ಗುಳ್ಳೆ ಎಲ್ಲಿ ಬರುತ್ತೋ ಅಲ್ಲಿ ಅಂಗೈ ಒತ್ತಿ ಹಿಡ್ಕೊ, ಬರ್ತೀನಿ."

"ಹಂಗೇ ಮಾಡ್ತೀನಣ್ಣಾ!"

ಆಮೇಲೆ ತಲೆ ಎತ್ತಿದ ದಸ್ತಗೀರಣ್ಣ, ಕೆರೆ ಕಡೆ ಹೋಗ್ತಿರೋ ಎಮ್ಮೆ ನೋಡ್ದ, ಹಿಂದಿರೋ ಗವಿರಂಗನ್ನ ನೋಡ್ದ. ಊರಿಗೆಲ್ಲಾ ಗೊತ್ತಿದ್ದ ಆ ರಬ್ಬರ್ ಚೀಲಕ್ಕೇ ತೂತು ಬಿದ್ದಿದೆ ಅಂತ ಅರ್ಥ ಆಯ್ತು. ರಬ್ಬರ್ ತುಂಡು, ಅಂಟಿಸೋ ಸಲ್ಯೂಷನ್ ಹಿಡ್ಕೊಂಡು ಮಾಯಮ್ಮನ ಮನೆಗೇ ಹೋಗಿ ಚೀಲಕ್ಕೆ ತೇಪೆ ಹಾಕಿದ. "ಎರಡು ದಿನಕ್ಕೆ ಮತ್ತೆ ಉಬ್ಬುತ್ತೆ ಅಕ್ಕಾ. ಹೋಗು, ನಿನ್ನ ಮಗ ಕೆರೇಲಿದಾನೆ."

ಮಾಯಮ್ಮ ಎದ್ದೂ ಬಿದ್ದೂ ಓಡಿದ್ಲು. ಎಮ್ಮೆ ಕತ್ತಿನವರೆಗೂ ನೀರಲ್ಲಿ ಹಾಯಾಗಿ ನಿಂತಿದೆ. ಗವಿರಂಗ ಎದೆ ಮಟ್ಟ ನೀರಲ್ಲಿ, ಬಾಲದ ಕೆಳಗೆ ಎರಡೂ ಅಂಗೈ ಒತ್ತಿ ಹಿಡಿದಿದಾನೆ!

"ಅವ್ವಾ, ತೂತು ಎಡಗಡೆ ಅಲ್ಲ, ಇಲ್ಲಿದೆ! ಗುಳುಗುಳು ಅಂತಿದೆ! ಕೈ ಬಿಟ್ರೆ ಎಮ್ಮೆ ಚಪ್ಪಟೆ ಆಗುತ್ತೆ, ಬೇಗ ತೇಪೆ ತಾರವ್ವಾ!"

ಮಾಯಮ್ಮ ಕೆರೆ ಏರಿ ಮೇಲೆ ಕುಸಿದು ಕೂತ್ಲು. ಬೈಯೋಕೆ ಹೋದ್ಲು, ನಗು ಬಂತು. ಹೊಟ್ಟೆ ಹಿಡ್ಕೊಂಡು ನಕ್ಕಳು, ನಕ್ಕೂ ನಕ್ಕೂ ಕನ್ನಡಕದ ಕೆಳಗಿಂದ ದಳದಳ ನೀರು.

ಗವಿರಂಗ ಗಾಬರಿ ಬಿದ್ದ. "ಅಯ್ಯೋ, ಅವ್ವನ ಕಣ್ಣಲ್ಲಿ ನೀರು! ಹೊಗೆ ಎಲ್ಲಿಂದ ಬಂತು?" ಅಂದೋನೇ, ಎಮ್ಮೆ ಬಾಲ ಎತ್ತಿ ಬಗ್ಗಿ ನೋಡ್ದ.