ಕೌದಿಯವಳು ಕಟರ್ ಆರಿಸಿದ್ದು

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಪೂಜೆ ಮುಗಿದ ಹೊತ್ತು. ಶಿಷ್ಯನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡೇ ಗುರುಗಳ ಮುಂದೆ ಬಂದು ನಿಂತ.

"ಗುರುಗಳೇ, ನನಗೆ ಹೊಂದುವ ಸಾಧನೆ ಯಾವುದೆಂದು ತಿಳಿಯುವುದು ಹೇಗೆ? ಜಪ ಹಿಡಿದೆ, ಮನಸ್ಸು ಜಾರಿತು. ಪ್ರಾಣಾಯಾಮ ಹಿಡಿದೆ, ಆಗಲೂ ಜಾರಿತು. ನಿನ್ನೆ ಮಠಕ್ಕೆ ಬಂದ ಸಾಧುವೊಬ್ಬರು ದೀಪದ ಕುಡಿಯನ್ನೇ ನೋಡುತ್ತ ಕೂರುವುದನ್ನು ಹೇಳಿಕೊಟ್ಟರು. ಕೂತ ಕ್ಷಣವೇ ಮನಸ್ಸು ನಿಂತುಬಿಟ್ಟಿತು! ಅವರು ಮಧ್ಯಾಹ್ನ ಹೊರಡುತ್ತಾರೆ. ನಾನೂ ಅವರ ಜೊತೆ ಹೋಗಿಬಿಡಲೇ?"

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಹಳೆಯ ಬಟ್ಟೆಯ ತುಂಡು ಸೇರಿಸಿ ಹೊದೆಯುವ ಕೌದಿ ಹೊಲಿಯುವ ಒಬ್ಬ ಹೆಂಗಸು. ಮಗಳ ಹೆರಿಗೆ ಹತ್ತಿರ ಬಂದಿತ್ತು. ಹುಟ್ಟುವ ಕೂಸಿಗೆ ಮಗಳದೇ ಚಿಕ್ಕಂದಿನ ಲಂಗಗಳಿಂದ ಕೌದಿ ಹೊಲಿಯಬೇಕು ಎಂದು ಅವಳ ಆಸೆ. ಅಂಥ ಬಟ್ಟೆ ಇನ್ನೆಲ್ಲಿಯೂ ಸಿಗದು. ಆದರೆ ಕತ್ತರಿ ಹಿಡಿದರೆ ಹೆಬ್ಬೆರಳು ನೋಯುತ್ತಿತ್ತು.

ಪೇಟೆಯ ವರ್ತಕನೊಬ್ಬ ರೋಟರಿ ಕಟರ್ ತರಿಸಿದ್ದ. ಹಿಡಿಯ ತುದಿಗೆ ದುಂಡನೆಯ ಅಲಗು. ಬಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟು, ಅದರ ಅಂಚಿಗೆ ಉರುಳಿಸಿದರೆ ಸಾಕು. ಅವಳು ಅದಕ್ಕೆ ಗಾಲಿ ಕತ್ತರಿ ಎಂದು ಹೆಸರಿಟ್ಟಳು. ನೆಟ್ಟಗಿನ ಹಿಡಿಯದನ್ನು ಒಯ್ದಳು. ಬಟ್ಟೆಯ ಮೊದಲ ಪಟ್ಟಿ ಕೊಯ್ದವಳೇ ಹಿಗ್ಗಿ ಓಣಿಯವರನ್ನೆಲ್ಲ ಕೂಗಿದಳು. ಓಣಿಯವರು ಬರುವಷ್ಟರಲ್ಲಿ ಎರಡನೆಯ ಪಟ್ಟಿ ಸೊಟ್ಟಗಾಗಿತ್ತು.

"ಹಿಡಿ ಸರಿಯಿಲ್ಲ" ಎಂದು ಮರಳಿಸಿ, ಬಾಗಿದ ಹಿಡಿಯದನ್ನು ತಂದಳು. ಅಂಗೈಗೆ ಎಷ್ಟು ಹಿತ! ಅದೂ ಸೊಟ್ಟ ಕೊಯ್ದಿತು. ರಬ್ಬರಿನ ಮೆತ್ತನೆಯ ಹಿಡಿಯದನ್ನು ಹಿಡಿದು ಮನೆಗೆ ಓಡೋಡಿ ಬಂದಳು. ಅದರಲ್ಲೂ ಒಂದು ಲಂಗ ಹಾಳಾಯಿತು. ಇನ್ನೊಂದು ಕೆಟ್ಟರೆ ಕೂಸಿನ ಕೌದಿಗೆ ಬಟ್ಟೆ ಸಾಲದು.

ಅವಳು ಅಂಗಡಿಗೆ ಹೋಗಿ ಕಟರನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಅಕ್ಕಾರ, ಇರೋವು ಮೂರ ನಮೂನಿ" ಎಂದ ವರ್ತಕ. "ಇನ್ನ ಕೈ ಬದಲಿ ಕೊಡಬೇಕಂದ್ರ ಆ ಮಾಲು ನಮ್ಮಲ್ಲಿಲ್ಲ."

"ನನ್ನ ಕೈಗೇನಾಗೇತೋ? ನಿನ್ನ ಟವೆಲ್ ಹಾಸು. ಕೊಯ್ದು ತೋರಸ್ತೀನಿ, ನೋಡು!"

ಅವನು ಹೆಗಲ ಮೇಲಿನ ಟವೆಲ್ ಹಾಸಿದ. ಅವಳು ಅದರ ಮೇಲೆ ಅಳತೆಪಟ್ಟಿ ಇಟ್ಟು ಕಟರ್ ಉರುಳಿಸಿದಳು. ವರ್ತಕ ಅವಳ ಬಲಗೈಯನ್ನೇ ದಿಟ್ಟಿಸಿದ, ತಪ್ಪೇನೂ ಕಾಣಲಿಲ್ಲ. ಟವೆಲ್ ಮಾತ್ರ ಸೊಟ್ಟಗೆ ಸೀಳಿತ್ತು. ಅವಳು ಅಳತೆಪಟ್ಟಿ ನೋಡಿದಳು. ಅದು ಸರಿದಿತ್ತು. ಅದರ ಮೇಲಿರಬೇಕಾದ ಎಡಗೈ ಬಟ್ಟೆಯ ಅಂಚನ್ನು ಎತ್ತಿ ಮುಂದಕ್ಕೆ ನೂಕುತ್ತಿತ್ತು. ಕತ್ತರಿಯ ಕಾಲದಲ್ಲಿ ಅದರ ಕೆಲಸ ಅದೇ ಆಗಿತ್ತು. ಕತ್ತರಿ ಹೋದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಅವಳು ಅಂಗಡಿ ತುಂಬುವಂತೆ ನಕ್ಕಳು. "ಅಯ್ಯ ನನ ಕೈಯ! ಕಳ್ಳ ಇಲ್ಲೇ ಕುಂತಾನಲ್ಲೋ!"

ಎಡಗೈಯನ್ನು ಅಳತೆಪಟ್ಟಿಯ ಮೇಲೆ ಒತ್ತಿ ಹಿಡಿದು, ಅಲುಗಾಡಿಸದೆ ಕೊಯ್ದಳು. ಗೆರೆ ಎಳೆದಷ್ಟು ನೇರ.

"ಮೂರೂ ಇಲ್ಲಿಡು" ಎಂದಳು. "ನಾನು ಆರಿಸೋದು ಈಗ."

"ನನ್ನ ಟವೆಲ್ ಕತಿ ಏನಕ್ಕಾರ?"

"ಅದೂ ಕೌದಿಗೇ ಬಂತು, ಬಿಡು."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೂತಲ್ಲಿಂದ ಮುಂದಕ್ಕೆ ಬಾಗಿದ್ದ. "ಆಮೇಲೆ? ಮೂರರಲ್ಲಿ ಯಾವುದನ್ನು ಕೊಂಡಳು ಗುರುಗಳೇ?"

"ನೀನು ಕೂಡ ಈವರೆಗೆ ಬದಲಾಯಿಸಿದ್ದೆಲ್ಲ ಬಲಗೈಯಲ್ಲಿರುವುದನ್ನೇ" ಎಂದರು ಗುರುಗಳು.

ಶಿಷ್ಯ ಹೆಗಲಿನ ಚೀಲ ಇಳಿಸಿದ. ಮಧ್ಯಾಹ್ನ ಮಠದಿಂದ ಹೊರಟವರು ಸಾಧುಗಳೊಬ್ಬರೇ.