ಮರದ ಆಚೆ ತುದಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮಕ್ಕೊಂದು ದೋಣಿಯೂ ಇತ್ತು, ಕಾರ್ತಿಕದವರೆಗೆ.

ಕಾರ್ತಿಕದಲ್ಲಿ ಅದರ ಅಡಿಹಲಗೆ ನಡುಹೊಳೆಯಲ್ಲಿ ಉದ್ದಕ್ಕೆ ಸೀಳಿತು. ದೋಣಿ ನಡೆಸುತ್ತಿದ್ದವನು ಶಿಷ್ಯ ಸುಬ್ರಾಯ. ಆ ದೋಣಿಗೆ ಮರ ಆರಿಸಿ ತಂದವನೂ ಅವನೇ.

ಅವತ್ತು ದೋಣಿಯಲ್ಲಿದ್ದವಳು ಸೊಪ್ಪು ಮಾರುವ ಬೀರಮ್ಮ ಒಬ್ಬಳೇ. ಎರಡು ಸಲ ಮುಳುಗಿದಳು. ಮೂರನೆಯ ಸಲ ಅವಳ ಸೆರಗು ಸುಬ್ರಾಯನ ಕೈಗೆ ಸಿಕ್ಕಿತು. ಜೀವ ಉಳಿಯಿತು. ಸುಬ್ರಾಯನ ಜೊತೆ ಮಾತು ನಿಂತಿತು.

ಊರಿನವರ ಮಾತು ಮಾತ್ರ ನಿಲ್ಲಲಿಲ್ಲ. "ಸುಬ್ರಾಯನ ದೋಣಿಯಾ? ಮನೇಲಿ ಹೇಳಿ ಬಂದಿದೀಯಾ?" ಎಂದು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದರು.

"ಮರ ಮೋಸ ಮಾಡಿತು," ಎಂದು ಸುಬ್ರಾಯ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಬೇಸಿಗೆ ಹೇಗೋ ಕಳೆಯಿತು. ಮೇಲುಹೊಳೆಯಲ್ಲಿ ಬಂಡೆಗಳು ತಲೆ ಎತ್ತಿದ್ದವು. ಆಚೆ ದಡದ ಸಂತೆಗೆ ಜನ ಅವುಗಳ ಮೇಲೆ ಕಾಲಿಟ್ಟು ಹೋದರು. ಮಳೆ ಹಿಡಿದರೆ ಆ ಬಂಡೆಗಳು ಮುಳುಗುತ್ತವೆ. ಆಮೇಲೆ ದೋಣಿಯೊಂದೇ ಗತಿ.

ಗುರುಗಳು ಸುಬ್ರಾಯನನ್ನು ಕರೆದರು.

"ಹೊಸ ದೋಣಿಗೆ ಮರ ತಾ. ಹೆಬ್ಬಲಸು. ಎರಡು ದಿಮ್ಮಿ."

"ಬೇರೆ ಯಾರನ್ನಾದರೂ ಕಳಿಸಿ ಗುರುಗಳೇ. ಈ ಸಲವೂ ತಪ್ಪಿದರೆ ನಾನು ಮತ್ತೆ ಹುಟ್ಟು ಮುಟ್ಟಲಾರೆ. ಮುಟ್ಟಿದರೂ ನನ್ನ ದೋಣಿ ಹತ್ತೋರು ಯಾರು?"

"ಅದಕ್ಕೇ ನೀನು ಹೋಗು."

ಯಾವುದಕ್ಕೆ ಎಂದು ಸುಬ್ರಾಯನಿಗೆ ತಿಳಿಯಲಿಲ್ಲ.

"ಒಳ್ಳೆಯ ಮರ ಅಂತ ಗೊತ್ತಾಗೋದು ಹೇಗೆ?"

"ಒಂದು ತುದಿಗೆ ಕಿವಿ ಇಡಬೇಕು. ಇನ್ನೊಂದು ತುದಿಯನ್ನು ಬೆರಳಗೆಣ್ಣಿನಲ್ಲಿ ತಟ್ಟಬೇಕು. ಒಳಗೆ ಬಿರುಕಿಲ್ಲದಿದ್ದರೆ ಸದ್ದು ಪೂರಾ ಬರುತ್ತದೆ. ಇದ್ದರೆ ದಾರಿಯಲ್ಲೇ ಸಾಯುತ್ತದೆ."

ಇಷ್ಟೇನಾ ಎನ್ನಿಸಿತು ಸುಬ್ರಾಯನಿಗೆ. ಹೊರಟ.

ಮರದ ಡಿಪೋದಲ್ಲಿ ಒಂಬತ್ತು ದಿಮ್ಮಿಗಳಿದ್ದವು. ಸುಬ್ರಾಯ ಮೊದಲನೆಯದರ ಒಂದು ತುದಿಯನ್ನು ತಟ್ಟಿದ. ಪಂಚೆ ಎತ್ತಿಕಟ್ಟಿ ಇನ್ನೊಂದು ತುದಿಗೆ ಓಡಿ ಕಿವಿ ಇಟ್ಟ. ಏನೂ ಕೇಳಿಸಲಿಲ್ಲ. ಮತ್ತೆ ಹೋಗಿ ಜೋರಾಗಿ ತಟ್ಟಿ, ಇನ್ನೂ ಜೋರಾಗಿ ಓಡಿದ.

ಡಿಪೋ ಯಜಮಾನ ಬಾರಿ ಸಾಹೇಬರು ಚಹಾ ಕುಡಿಯುತ್ತ ನೋಡುತ್ತಿದ್ದರು. ನಾಲ್ಕನೆಯ ಓಟಕ್ಕೆ ಲೋಟ ಕೆಳಗಿಟ್ಟರು.

"ಸ್ವಾಮಿ, ಸದ್ದು ನಿಮಗೋಸ್ಕರ ಕಾಯ್ತಾ ಕೂರಲ್ಲ. ನೀವು ಕಿವಿ ಇಡಿ, ನಾನು ತಟ್ಟುತ್ತೇನೆ."

"ನೀವು ಮಾರೋರು."

"ಮಾರೋನ ಕೈಯಲ್ಲಿ ಬೆರಳಿರಲ್ವಾ?"

ಸುಬ್ರಾಯ ಒಪ್ಪಲಿಲ್ಲ. ಬೆವರು ಒರೆಸಿಕೊಂಡು ಬರಿಗೈಯಲ್ಲಿ ಬಂದ.

"ಒಬ್ಬನೇ ಎರಡೂ ತುದಿಯಲ್ಲಿರೋಕೆ ಆಗಲ್ಲ ಗುರುಗಳೇ," ಎಂದ.

"ಹೌದೇನು?" ಎಂದರು ಗುರುಗಳು, ಹೊಸ ವಿಷಯ ಕೇಳಿದವರ ಹಾಗೆ. ತರಕಾರಿ ಹೆಚ್ಚುವುದನ್ನು ಮುಂದುವರಿಸಿದರು.

ಮರುದಿನ ಮತ್ತೆ ಹೋದ. ಬೇರೆ ದಾರಿ ಕಾಣದೆ ಸಾಹೇಬರನ್ನೇ ತಟ್ಟಲು ಕೇಳಿದ. ಅವರು ಒಂದೊಂದು ದಿಮ್ಮಿಯ ಕುಯ್ದ ಮುಖದ ನಡುವಿಗೂ ಒಂದೊಂದು ಸಲ ತಟ್ಟಿದರು. ಒಂಬತ್ತರಲ್ಲೂ ಸದ್ದು ಚೆನ್ನಾಗಿ ಬಂತು. ಸುಬ್ರಾಯ ಮತ್ತೆ ಬರಿಗೈಯಲ್ಲಿ ಬಂದ.

"ಎಲ್ಲವೂ ಒಳ್ಳೆಯ ಮರ ಅಂತಲೇ ಕೇಳಿಸಿತು."

"ತರಬೇಕಿತ್ತು."

"ನಂಬಿಕೆ ಬರಲಿಲ್ಲ."

"ಮರದ ಮೇಲಾ, ಸಾಹೇಬರ ಮೇಲಾ?"

ಸುಬ್ರಾಯ ಯೋಚಿಸಿದ. "ನನ್ನ ಕಿವಿಯ ಮೇಲೂ ಇರಬಹುದು. ಗೊತ್ತಾಗುತ್ತಿಲ್ಲ. ಗುರುಗಳೇ, ನಾಳೆ ನೀವೇ ಬನ್ನಿ. ನೀವು ತಟ್ಟಿದರೆ ನಂಬುತ್ತೇನೆ."

"ನಾನು ತಟ್ಟಿದರೆ ಪ್ರಯೋಜನವಿಲ್ಲ. ನನಗೆ ಈಜು ಬರುತ್ತದೆ."

"ಈಜಿಗೂ ಮರಕ್ಕೂ ಏನು ಸಂಬಂಧ?"

ಗುರುಗಳು ಆಗಲೇ ಎದ್ದು ಹೋಗಿದ್ದರು.

ಸುಬ್ರಾಯ ದಂಡೆಯಲ್ಲಿ ಕೂತ. ಈ ಊರಿನಲ್ಲಿ ಈಜು ಬಾರದವರು ಯಾರಿದ್ದಾರೆ? ಎಮ್ಮೆಗಳೂ ಈಜುತ್ತವೆ. ಒಬ್ಬೊಬ್ಬರನ್ನೇ ನೆನೆಯುತ್ತ ಹೋದ. ಕೊನೆಗೆ ಒಂದೇ ಹೆಸರು ಉಳಿಯಿತು. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದವಳು. ಹೊಳೆಯನ್ನು ಮೊದಲು ಕಂಡದ್ದೇ ಗಂಡನ ಮನೆಗೆ ಬಂದಾಗ.

ಬೇರೆ ಯಾರಾದರೂ ಇದ್ದಾರೆಯೇ ಎಂದು ಇನ್ನೊಮ್ಮೆ ಮೊದಲಿಂದ ಎಣಿಸಿದ. ಇರಲಿಲ್ಲ.

ಬೀರಮ್ಮ ಹರಿವೆ ಮಡಿಗೆ ನೀರು ಹಾಕುತ್ತಿದ್ದಳು. ಸುಬ್ರಾಯನನ್ನು ಕಂಡು ಬೆನ್ನು ತಿರುಗಿಸಿದಳು.

"ಬೀರಕ್ಕ, ದೋಣಿಗೆ ಮರ ನೋಡಬೇಕಿತ್ತು. ಜೊತೆಗೆ ಬರ್ತೀಯಾ?"

ಬೀರಮ್ಮ ಮುಂದಿನ ಸಾಲಿಗೆ ನೀರು ಹೊಯ್ದಳು.

"ನೀನು ಒಂದು ತುದಿಯಲ್ಲಿ ತಟ್ಟಿದರೆ ಸಾಕು. ನಾನು ಕೇಳುತ್ತೇನೆ."

ಕೊಡ ನೆಲಕ್ಕೆ ಕುಕ್ಕಿದ ಸದ್ದು. "ಆರು ತಿಂಗಳ ಮೇಲೆ ಬಂದಿದೀಯ, ಅದೂ ಕೂಲಿಗೆ ಕರೆಯೋಕೆ."

"ಹಾಗಲ್ಲ ಬೀರಕ್ಕ. ಅವತ್ತು ಆ ಮರ ಮೋಸ ಮಾಡಿ..."

"ಮರಕ್ಕೆ ನನ್ನ ಗುರುತಿತ್ತೇನೋ? ನೀರು ಕುಡೀತಾ ನಾನು 'ಮರವೇ ಮರವೇ' ಅಂತ ಕೂಗಿದ್ನಾ? 'ಸುಬ್ರಾಯಾ' ಅಂತ ಕೂಗಿದ್ದು."

ಸುಬ್ರಾಯ ಹರಿವೆ ಎಲೆಗಳನ್ನು ನೋಡುತ್ತ ನಿಂತ. ಹೋಗಬೇಕೋ ನಿಲ್ಲಬೇಕೋ ಗೊತ್ತಾಗಲಿಲ್ಲ. ಗುರುಗಳನ್ನು ಮನಸ್ಸಿನಲ್ಲೇ ಸ್ವಲ್ಪ ಬೈದುಕೊಂಡ.

ಬೀರಮ್ಮ ಮೇಲೆ ನೋಡಿದಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಡಿಯ ತುಂಬ ಹರಿವೆ ನಿಂತಿತ್ತು.

"ಬರ್ತೇನೆ," ಎಂದಳು. "ನಿನ್ನ ಚಂದಕ್ಕಲ್ಲ. ಬಂಡೆ ಮುಳುಗಿದ ಮೇಲೆ ಈ ಸೊಪ್ಪನ್ನ ನಾನೊಬ್ಬಳೇ ತಿಂದು ಮುಗಿಸೋಕಾಗಲ್ಲ."

ಡಿಪೋದಲ್ಲಿ ಅವಳು ಮೊದಲನೆಯ ದಿಮ್ಮಿಯ ಆಚೆ ತುದಿಗೆ ಕುಕ್ಕರುಗಾಲಲ್ಲಿ ಕೂತಳು. ಸುಬ್ರಾಯ ಈಚೆ ತುದಿಗೆ ಕಿವಿ ಇಟ್ಟ. ನಡುವಿಗೆ ಒಂದು ಸಲ ತಟ್ಟಿದಳು. ಸದ್ದು ನೆಟ್ಟಗೆ ಬಂತು.

"ಚೆನ್ನಾಗಿದೆ!" ಎಂದು ತಲೆ ಎತ್ತಿದ.

"ಇಡು ಕಿವಿ."

ಮತ್ತೆ ತಟ್ಟಿದಳು. ನಡುವಿನಿಂದ ಒಂದು ಬೆರಳು ಆಚೆ. ಇನ್ನೊಂದು ಬೆರಳು ಆಚೆ. ದಿಮ್ಮಿಯ ಮುಖವನ್ನೆಲ್ಲ ಒಂದು ಸುತ್ತು ತಟ್ಟಿದಳು. ಅಂಚಿಗೆ ಬಂದಳು. ನೆಲಕ್ಕೆ ತಾಗಿದ ಅಂಚಿನ ಹತ್ತಿರ ಬೆರಳು ಹೋದಾಗ ಸುಬ್ರಾಯನಿಗೆ ಏನೂ ಕೇಳಿಸಲಿಲ್ಲ.

"ತಟ್ಟು ಬೀರಕ್ಕ."

"ತಟ್ಟುತ್ತಾನೇ ಇದೀನಿ."

ಸುಬ್ರಾಯ ತಲೆ ಎತ್ತಿ ಸಾಹೇಬರ ಕಡೆ ನೋಡಿದ.

"ನೀವು ತಟ್ಟಿ ಅಂದಿರಿ, ಒಂದು ಸಲ ತಟ್ಟಿದೆ," ಎಂದರು ಸಾಹೇಬರು. "ಈಯಮ್ಮನ ಹಾಗೆ ತಟ್ಟೋರನ್ನ ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ." ಅವರೂ ಬಂದು ಈಚೆ ತುದಿಗೆ ಕಿವಿ ಇಟ್ಟು, ಬೀರಮ್ಮನಿಂದ ಅದೇ ಅಂಚಿಗೆ ತಟ್ಟಿಸಿ ಕೇಳಿದರು. ಆ ದಿಮ್ಮಿಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು.

ಎರಡನೆಯದು ಹೋಯಿತು. ಮೂರನೆಯದು ನಿಂತಿತು. ನಾಲ್ಕನೆಯದನ್ನು ಸಾಹೇಬರೇ ಕೇಳಿ ಬೇಡವೆಂದರು. ಬಿಸಿಲು ನೆತ್ತಿಗೆ ಬಂತು. ಐದನೆಯದಕ್ಕೆ ಸುಬ್ರಾಯ ಕಿವಿ ಇಟ್ಟು ಕಣ್ಣು ಮುಚ್ಚಿದ್ದಾಗ, ತಟ್ಟುವ ಬದಲು ಆಚೆಯಿಂದ ಮಾತು ಬಂತು.

"ಅವತ್ತಿನ ಮರಕ್ಕೂ ಹೀಗೆ ಕಿವಿ ಇಟ್ಟಿದ್ಯೇನೋ?"

ಸುಬ್ರಾಯ ತಲೆ ಎತ್ತಲಿಲ್ಲ.

"ಇಲ್ಲ."

"ಯಾಕೆ?"

"ನೋಡೋಕೆ ಚೆನ್ನಾಗಿತ್ತು."

ಬಹಳ ಹೊತ್ತು ಆಚೆ ತುದಿಯಲ್ಲಿ ಏನೂ ಆಗಲಿಲ್ಲ. ಎದ್ದು ಹೋದಳೇನೋ ಎಂದುಕೊಂಡ. ನೋಡುವ ಧೈರ್ಯವಾಗಲಿಲ್ಲ.

ಆಮೇಲೆ ಬೆರಳಗೆಣ್ಣಿನ ಸದ್ದು ಬಂತು. ನಡುವಿನಿಂದ ಒಂದು ಬೆರಳು ಆಚೆ. ಇನ್ನೊಂದು ಬೆರಳು ಆಚೆ.

ಮೂರನೆಯದನ್ನೂ ಐದನೆಯದನ್ನೂ ಗಾಡಿಗೆ ಹೇರಿ ತಂದರು. ಆಚಾರಿ ಹಲಗೆ ಕುಯ್ದು ದೋಣಿ ಕಟ್ಟಿದ. ಮುಗಿಯುವ ಹೊತ್ತಿಗೆ ಮಳೆ ಹಿಡಿದು ಬಂಡೆಗಳು ಕಾಣದಾಗಿದ್ದವು.

ಸಂತೆಯ ದಿನ ಬೀರಮ್ಮ ಬುಟ್ಟಿ ಹೊತ್ತು ಬಂದಳು. ಜನ ದಂಡೆಯಲ್ಲಿ ನಿಂತು ನೋಡಿದರು. ಯಾರೂ ನಗಲಿಲ್ಲ, ಯಾರೂ ಹತ್ತಲೂ ಇಲ್ಲ. ಅವಳು ಹತ್ತಿ ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದಳು.

ಸಂಜೆ ಸುಬ್ರಾಯ ಆಶ್ರಮಕ್ಕೆ ಬಂದಾಗ ಮುಖ ಸಪ್ಪಗಿತ್ತು. ಗುರುಗಳು ಜಗಲಿಯಲ್ಲಿ ಕೂತಿದ್ದರು.

"ನನಗೆ ಏನೂ ಅರ್ಥವಾಗುತ್ತಿಲ್ಲ ಗುರುಗಳೇ. ಇಷ್ಟೆಲ್ಲ ಮಾಡಿದೆವು. ಆದರೂ ದೋಣಿಗೆ ನೀರು ಬಂತು."

"ಎಷ್ಟು?"

"ಹಲಗೆ ಸಂದಿನಿಂದ ಜಿನುಗಿತು. ನಾಲ್ಕು ತೆಂಗಿನ ಚಿಪ್ಪಿನಷ್ಟು. ಹೊಸ ದೋಣಿ ನೀರು ಕುಡಿದು ಊದಿಕೊಳ್ಳೋವರೆಗೆ ಹಾಗೇ ಅಂತ ಆಚಾರಿ ಹೇಳಿದ್ದ. ಆದರೂ ನಾನು ದೋಣಿ ತಿರುಗಿಸೋಕೆ ಹೋದೆ."

"ತಿರುಗಿಸಿದೆಯಾ?"

"ಬೀರಕ್ಕ ಬಿಡಲಿಲ್ಲ. ಒಂದು ಕೈ ಅಂಚಿನಿಂದ ಬಿಟ್ಟು, ಚಿಪ್ಪಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲಿದಳು. 'ಮೂತಿ ಏನು ನೋಡ್ತೀಯೋ, ಹುಟ್ಟು ಹಾಕು, ಸಂತೆ ಮುಗಿದೀತು' ಅಂತ ಬೈದಳು."

"ತುಂಬಾ ಬೈದಳಾ?"

"ತುಂಬಾ. ಹೋಗುವಾಗಲೂ, ಬರುವಾಗಲೂ."

"ಬರುವಾಗಲೂ ನಿನ್ನ ದೋಣಿಯಲ್ಲೇ ಬಂದಳಾ?"

"ಹೌದು. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ," ಎಂದ ಸುಬ್ರಾಯ. "ಮರ ಒಳ್ಳೆಯದೋ ಕೆಟ್ಟದ್ದೋ, ನೀವೇ ಹೇಳಿ."

ಗುರುಗಳು ಅವನ ಒದ್ದೆ ಪಂಚೆಯನ್ನು ನೋಡಿದರು.

"ಒಳ್ಳೆಯ ಮರವೇ ಸಿಕ್ಕಿದೆ. ಊಟಕ್ಕೇಳು."